ಹಳೇ ಆಫೀಸ್ ಡಿಸ್ಕಿನಿಂದ ಪಿಕ್ಚರ್ ಮ್ಯಾನೇಜರ್ ಒಂದನ್ನೇ ಹಾಕಿಕೊಂಡಿದ್ದು

ಧಾರವಾಡದ ಸಪ್ತಾಪುರದಲ್ಲಿ ನನ್ನದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಸುತ್ತಲೂ ಕೋಚಿಂಗ್ ಸೆಂಟರ್‌ಗಳು. ಬ್ಯಾಂಕ್ ಪರೀಕ್ಷೆ ಅರ್ಜಿ ಶುರುವಾದರೆ ಫೋಟೊ, ಸಹಿ ಸೈಜ್ ಮಾಡುವುದೇ ದೊಡ್ಡ ಕೆಲಸ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ಗೆ ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಇರಬೇಕು. ‘ಅಣ್ಣಾರ, ಫೋಟೊ ತಗೋವಲ್ದ್ರೀ’ ಅಂತ ಹುಡುಗರು ಬರುವುದು ಇದಕ್ಕೇ.

ಈ ಕೆಲಸಕ್ಕೆ ನನ್ನ ಕೈ ಕುದುರಿದ್ದು ಮೈಕ್ರೋಸಾಫ್ಟ್ ಆಫೀಸ್ ಪಿಕ್ಚರ್ ಮ್ಯಾನೇಜರ್‌ನಲ್ಲಿ. 2003, 2007, 2010ರ ಆಫೀಸ್ ಜೊತೆ ಅದು ಬರುತ್ತಿತ್ತು. 2013ರಿಂದ ಕೈಬಿಟ್ಟರು. ಹೊಸ ಕಂಪ್ಯೂಟರಿಗೆ ಹೊಸ ಆಫೀಸ್ ಹಾಕಿಸಿದಾಗ ಅದು ಇರಲಿಲ್ಲ. ಇದೊಂದಕ್ಕಾಗಿ ಹಳೇ ವರ್ಡ್, ಎಕ್ಸೆಲ್ ಎಲ್ಲ ಮತ್ತೆ ತುಂಬಬೇಕಿಲ್ಲ. ಬೇಕಾದ್ದನ್ನಷ್ಟೇ ಆರಿಸಿಕೊಳ್ಳಬಹುದು.

ನನ್ನ ಹತ್ತಿರ ಆಫೀಸ್ 2010ರ ಡಿಸ್ಕ್, ಅದರ ಕೀ (ಹಾಕುವಾಗ ಕೊಡಬೇಕಾದ ಕೋಡ್) ಎರಡೂ ಇದ್ದವು. ಹಾಕಿದ್ದ ಹಳೇ ಮಷಿನ್ ಈಗಿಲ್ಲ. ಹೊಸದರಲ್ಲಿ ಡಿವಿಡಿ ಡ್ರೈವ್ ಇಲ್ಲ, ಅದಕ್ಕೆ ಬೇರೆ ಕಂಪ್ಯೂಟರಿನಲ್ಲಿ ಇಡೀ ಡಿಸ್ಕನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡೆ. ಮೊದಲು ಒಂದು ವಿಷಯ ನೋಡಿಕೊಳ್ಳಿ. ಆಫೀಸಿನಲ್ಲಿ 32 ಬಿಟ್, 64 ಬಿಟ್ ಅಂತ ಎರಡು ಬಗೆ; ಈಗಿರುವ ಆಫೀಸ್ 64 ಬಿಟ್ ಆಗಿದ್ದರೆ ಹಳೆಯದೂ 64 ಬಿಟ್ಟೇ ಬೇಕು. ಇಲ್ಲದಿದ್ದರೆ ಸೆಟಪ್ ಮುಂದೆ ಹೋಗುವುದಿಲ್ಲ.

ಸೆಟಪ್ ತೆರೆದು ಕೀ ಕೊಟ್ಟ ಮೇಲೆ ‘ಇನ್‌ಸ್ಟಾಲ್ ನೌ’ ಒತ್ತಬೇಡಿ, ಪಕ್ಕದ ‘ಕಸ್ಟಮೈಸ್’ ಒತ್ತಿ. ಪ್ರೋಗ್ರಾಮ್‌ಗಳ ಪಟ್ಟಿ ಬರುತ್ತದೆ. ಒಂದೊಂದರ ಬಾಣದ ಗುರುತು ಒತ್ತಿ ‘ನಾಟ್ ಅವೈಲೆಬಲ್’ ಮಾಡುತ್ತಾ ಹೋದೆ. ಪ್ರತಿಯೊಂದರ ಮೇಲೂ ಕೆಂಪು X ಗುರುತು ಬಿತ್ತು. ‘ಆಫೀಸ್ ಶೇರ್ಡ್ ಫೀಚರ್ಸ್’, ‘ಆಫೀಸ್ ಟೂಲ್ಸ್’ ಸಹ ಬಿಡಲಿಲ್ಲ. ಆಮೇಲೆ ‘ಆಫೀಸ್ ಟೂಲ್ಸ್’ ಪಕ್ಕದ ಪ್ಲಸ್ ಒತ್ತಿ ಬಿಚ್ಚಿ, ಒಳಗಿದ್ದ ಪಿಕ್ಚರ್ ಮ್ಯಾನೇಜರ್ ಒಂದಕ್ಕೇ ‘ರನ್ ಫ್ರಮ್ ಮೈ ಕಂಪ್ಯೂಟರ್’ ಕೊಟ್ಟೆ. ಇಲ್ಲಿ ಅವಸರ ಬೇಡ. ವರ್ಡ್ ಒಂದು ಉಳಿದುಬಿಟ್ಟರೂ ಎರಡೆರಡು ವರ್ಡ್ ಆಗಿ, ಫೈಲು ಯಾವುದರಲ್ಲಿ ತೆರೆಯುತ್ತದೋ ಅನ್ನುವ ತಲೆನೋವು ಸುಮ್ನೆ ಯಾಕೆ, ಅಲ್ವಾ?

ಮುಂದೆ ಬೇರೆ ಟೂಲ್ ಬೇಕೆನಿಸಿದರೆ ಕಂಟ್ರೋಲ್ ಪ್ಯಾನಲ್‌ನಲ್ಲಿ ಆಫೀಸ್ 2010 ಆರಿಸಿ ‘ಚೇಂಜ್’ ಒತ್ತಿ, ‘ಆಡ್ ಆರ್ ರಿಮೂವ್ ಫೀಚರ್ಸ್’ ಕೊಟ್ಟು ಮುಂದೆ ಹೋದರೆ ಅದೇ ಪಟ್ಟಿ ಬರುತ್ತದೆ.

ನನಗೆ ಇದರಲ್ಲಿ ಜಾಸ್ತಿ ಇಷ್ಟ ‘ಕಂಪ್ರೆಸ್ ಪಿಕ್ಚರ್ಸ್’. ಹತ್ತಾರು ಫೋಟೊ ಒಟ್ಟಿಗೆ ಆರಿಸಿದರೆ ಮೊದಲು ಎಷ್ಟಿತ್ತು, ಈಗ ಎಷ್ಟಾಗುತ್ತದೆ ಅಂತ ಬಲಗಡೆ ತೋರಿಸುತ್ತದೆ. ಸೇವ್ ಮಾಡದೆ ಉಳಿದ ಫೋಟೊಗಳು ಎಡಗಡೆ ‘ಅನ್‌ಸೇವ್ಡ್ ಎಡಿಟ್ಸ್’ನಲ್ಲಿ ಕಾಣುತ್ತವೆ. ಸೇವ್ ಮಾಡಿದರೆ ಮೂಲ ಫೋಟೊವೇ ಬದಲಾಗುತ್ತದೆ. ಹಾಗಾಗಿ ಹುಡುಗರ ಫೋಟೊ ಬಂದ ಕೂಡಲೇ ಒಂದು ಕಾಪಿ ಬೇರೆ ಫೋಲ್ಡರಿನಲ್ಲಿ ಇಡುತ್ತೇನೆ.

ಐಫೋನಿನ ಎಚ್‌ಇಐಸಿ ಫೋಟೊ ಇದರಲ್ಲಿ ತೆರೆಯುವುದಿಲ್ಲ, ಮೊದಲು ಜೆಪಿಜಿ ಮಾಡಿಕೊಳ್ಳಬೇಕು. ಆಫೀಸ್ 2010ಕ್ಕೆ 2020ರ ಅಕ್ಟೋಬರ್ 13ರ ನಂತರ ಸುರಕ್ಷತಾ ಅಪ್‌ಡೇಟ್ ನಿಂತಿದೆ. ಅದಕ್ಕೇ ಎಲ್ಲಿಂದಲೋ ಬಂದ ಫೈಲನ್ನು ನಾನು ಇದರಲ್ಲಿ ತೆರೆಯುವುದಿಲ್ಲ, ಎದುರಿಗೆ ನಿಂತವರು ಕೊಟ್ಟ ಫೋಟೊ ಮಾತ್ರ.