ಕಣಿವೆ ಊರಿನ ಚಳಿಗಾಲ: ಕಿಟಕಿ ತೆಗೆಯೋಕೂ ಹೊತ್ತು ನೋಡಿ

ಸುತ್ತಲೂ ಬೆಟ್ಟ ಇರುವ ಊರಿನವರು ಚಳಿಗಾಲದಲ್ಲಿ ಎದ್ದ ಕೂಡಲೇ ಕಿಟಕಿ ತೆಗೆಯಬೇಡಿ. ರಾತ್ರಿ ತಣ್ಣನೆ ಗಾಳಿ ಕಣಿವೆಯ ತಳಕ್ಕಿಳಿದು ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಸೌದೆ ಒಲೆ, ಗಾಡಿಗಳ ಹೊಗೆ ಎಲ್ಲ ಅದರಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಎತ್ತರಕ್ಕೆ ಹತ್ತಿ ನೋಡಿದರೆ ಊರ ಮೇಲೆ ಬೂದು ಪದರ ಕಾಣುತ್ತದಲ್ಲ, ಅದು ಬರೀ ಮಂಜಲ್ಲ.

ಬಿಸಿಲೇರಿ ನೆಲ ಕಾದ ಮೇಲೆ ಈ ಪದರ ಒಡೆಯುತ್ತದೆ. ಹಾಗಾಗಿ ಸಾಮಾನ್ಯವಾಗಿ ಮಧ್ಯಾಹ್ನದ ಗಾಳಿಯೇ ವಾಸಿ. ವಾಕಿಂಗ್ ಕೂಡ ಆಗಲೇ ಇಟ್ಟುಕೊಳ್ಳಿ. ಕೆಲವೊಮ್ಮೆ ದಿನಗಟ್ಟಲೆ ಒಡೆಯೋದೇ ಇಲ್ಲ. ಆಗ ಫೋನಿನಲ್ಲಿ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ತೀರಾ ಸಣ್ಣ ಕಣಗಳ ಪ್ರಮಾಣ, ನೋಡಿಯೇ ಹೊರಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 24 ಗಂಟೆಯ ಸರಾಸರಿ ಮಿತಿ ಘನ ಮೀಟರಿಗೆ 15 ಮೈಕ್ರೋಗ್ರಾಂ.

ಮಾಸ್ಕ್ ಬೇಕಿದ್ದರೆ ಎನ್95 ಹಾಕಿ, ಮೂಗಿನ ಪಕ್ಕ ಸಂದಿ ಬಿಡದಂತೆ ಒತ್ತಿ. ಬಟ್ಟೆ ಮಾಸ್ಕ್ ಸುಮ್ನೆ ಸಮಾಧಾನಕ್ಕೆ ಅಷ್ಟೇ.

ಸೌದೆ ಉರಿಸುವವರು ಚೆನ್ನಾಗಿ ಒಣಗಿದ್ದನ್ನೇ ಉರಿಸಿ. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿ ಇದ್ದರೆ ದಪ್ ಅನ್ನುತ್ತದೆ. ಹಸಿ ಸೌದೆಯಲ್ಲಿ ಹೊಗೆ ಜಾಸ್ತಿ, ಬಿಸಿ ಕಡಿಮೆ. ಯಾರಿಗೆ ಬೇಕು, ಅಲ್ವಾ?