ಖಾನಾವಳಿಯ ತಟ್ಟೆ ನೋಡಿ ಸಂತೆಗೆ ಹೋಗಿ

ಉತ್ತರ ಕರ್ನಾಟಕದ ಅಡುಗೆಗೆ ಒಳ್ಳೆ ಸಾಮಾನು ಎಲ್ಲಿ ಸಿಗುತ್ತದೆ ಎಂದು ತಿಳಿಯಬೇಕಿದ್ದರೆ ಮೊದಲು ಒಳ್ಳೆ ಖಾನಾವಳಿ ಹುಡುಕಬೇಕು. ದಿನಾ ಅದೇ ಗಿರಾಕಿಗೆ ರೊಟ್ಟಿ ಬಡಿದು ಹಾಕುವವರು ಕೆಟ್ಟ ಜೋಳ ತಂದರೆ ನಾಲ್ಕು ದಿನದಲ್ಲಿ ಬಾಗಿಲು ಹಾಕಬೇಕಾಗುತ್ತದೆ. ಬೋರ್ಡು, ಬಣ್ಣದ ದೀಪ, ಮೊಬೈಲಿನಲ್ಲಿ ಕಾಣುವ ಸ್ಟಾರು ಬದಿಗಿರಲಿ. ಎಪಿಎಂಸಿ ಸುತ್ತಮುತ್ತ, ಹಮಾಲರು ಮತ್ತು ಸಂತೆಗೆ ಬಂದ ರೈತರು ಉಣ್ಣುವ ಓಣಿಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆಯೊಳಗೆ ಹೋಗಿ. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಕೂಡ್ರಿ. ಎರಡು ಗಂಟೆ ದಾಟಿದ ಮೇಲೆ ಎಂಥ ಖಾನಾವಳಿಯಲ್ಲೂ ಬುಟ್ಟಿಯಲ್ಲಿ ಪೇರಿಸಿಟ್ಟ ರೊಟ್ಟಿಯೇ ಬರುತ್ತದೆ, ಅದನ್ನು ತಿಂದು ಅಳೆಯಬಾರದು.

ತಟ್ಟೆ ಬಂದಾಗ ಪಲ್ಯಕ್ಕೆ ಕೈ ಹಾಕುವ ಮೊದಲು ರೊಟ್ಟಿಯ ಒಂದು ತುಂಡು ಮುರಿದು ಪಕ್ಕಕ್ಕಿಡಿ. ಊಟ ಮುಗಿಯುವ ಹೊತ್ತಿಗೂ ಅದು ಮಡಚಿದರೆ ಬಾಗಬೇಕು. ಆರಿದ ಕೂಡಲೇ ಚಕ್ಕನೆ ಮುರಿದರೆ ಹಿಟ್ಟು ಹಳೆಯದು. ರಬ್ಬರಿನಂತೆ ಎಳೆದುಕೊಂಡರೆ ಗೋಧಿ ಹಿಟ್ಟೋ ಮೈದಾನೋ ಸೇರಿದೆ. ಚಟ್ನಿಪುಡಿಯನ್ನು ಎಣ್ಣೆ, ಮೊಸರು ಹಾಕದೆ ಒಣದಾಗಿಯೇ ನಾಲಿಗೆಗೆ ಹಚ್ಚಿ ನೋಡಿ. ಕೊನೆಗೆ ಕಹಿ ಉಳಿದರೆ ಗುರೆಳ್ಳು (ಹುಚ್ಚೆಳ್ಳು) ಹೊತ್ತಿದೆ ಅಥವಾ ಮುಗ್ಗಿದೆ. ಬದನಿಕಾಯಿ ಎಣ್ಣಿಗಾಯಿಯ ಮೇಲೆ ತೇಲುವ ಎಣ್ಣೆ ಕೆಂಪಗಿರಬೇಕು, ಕಪ್ಪಗಲ್ಲ. ಬೆರಳಿಗೆ ಬಣ್ಣ ಅಂಟಿ ಬಾಯಿಗೆ ಏನೂ ರುಚಿ ಹತ್ತದಿದ್ದರೆ ಅದು ಕೃತಕ ಬಣ್ಣದ ಡಬ್ಬಿಯಿಂದ ಬಂದ ಕೆಂಪು. ಜೊತೆಗೆ ಇಡುವ ಹಸಿ ತಪ್ಪಲು ನೋಡಿ: ಮೆಂತೆ, ಮೂಲಂಗಿ, ಚಳಿಗಾಲದಲ್ಲಿ ಹಕ್ಕರಕಿ. ಅದು ಬಾಡಿದ್ದರೆ ಅಲ್ಲಿಯವರು ದಿನಾ ಸಂತೆಗೆ ಹೋಗುವುದಿಲ್ಲ.

ಗಿರ್ಮಿಟ್‌ಗೆ ಒಂದೇ ಪರೀಕ್ಷೆ ಸಾಕು: ಹೇಳಿದ ಮೇಲೆ ಕಲಸಬೇಕು. ಮೊದಲೇ ಕಲಸಿಟ್ಟ ಮಂಡಕ್ಕಿ ಹುಣಸೆ-ಬೆಲ್ಲದ ಗೊಜ್ಜು ಹೀರಿ ಮೆತ್ತಗಾಗಿರುತ್ತದೆ, ಮೇಲೆ ಎಷ್ಟು ಪುಟಾಣಿ ಹಿಟ್ಟು ಉದುರಿಸಿದರೂ ಸುಧಾರಿಸುವುದಿಲ್ಲ. ಹುಬ್ಬಳ್ಳಿ, ಗದಗ-ಬೆಟಗೇರಿಯ ಸಾವಜಿ ಊಟದಲ್ಲಿ ಖಾರಕ್ಕಿಂತ ಹುರಿದ ಒಣಕೊಬ್ಬರಿ, ಗಸಗಸೆ, ಕಲ್ಲುಹೂವಿನ ವಾಸನೆ ಹುಡುಕಿ. ಮನೆಯಲ್ಲಿ ಅರ್ಧ ಕೆಜಿ ಮಟನ್ನಿಗೆ ಕಲ್ಲುಹೂವು ಒಂದು ಚಮಚಕ್ಕಿಂತ ಹೆಚ್ಚಾದರೆ ಸಾರು ಕಹಿಯಾಗುತ್ತದೆ. ಅದರಲ್ಲಿ ಮರದ ತೊಗಟೆ, ಹರಳು ಇರುತ್ತವೆ, ಆರಿಸಿದ ಮೇಲೆಯೇ ಎಣ್ಣೆಯಲ್ಲಿ ಹುರಿಯಬೇಕು.

ಊಟ ರುಚಿಸಿದರೆ ಮಾಡುವ ವಿಧಾನ ಕೇಳಬೇಡಿ, ಯಾರೂ ಪೂರ್ತಿ ಹೇಳುವುದಿಲ್ಲ. "ಅಕ್ಕಾರ, ಜೋಳ ಎಲ್ಲಿಂದ ತರಸ್ತೀರಿ? ಖಾರ ಯಾವ ಗಿರಣ್ಯಾಗ ಹಾಕಸ್ತೀರಿ?" ಎಂದು ಕೇಳಿ. ಅದನ್ನು ಸಂತೋಷದಿಂದ ಹೇಳುತ್ತಾರೆ, ನಿಮಗೆ ಬೇಕಾದದ್ದೂ ಅದೇ.

ಜೋಳದಲ್ಲಿ ಹಿಂಗಾರಿ ಬಿಳಿಜೋಳವೇ ಬೇಕು. ಮಾಲದಂಡಿ ಎಂದು ಕೇಳಿ, ಬೀಜದ ಅಂಗಡಿಯವರು ಅದನ್ನೇ ಎಂ 35-1 ಅನ್ನುತ್ತಾರೆ. ಕಾಳು ದುಂಡಗೆ, ದಪ್ಪಗೆ, ಮುತ್ತಿನ ಹೊಳಪಿನದಾಗಿರುತ್ತದೆ. ಮುಂಗಾರಿ ಹೈಬ್ರಿಡ್ ಜೋಳ ತೆನೆಯಲ್ಲಿರುವಾಗಲೇ ಮಳೆಗೆ ಸಿಕ್ಕು ಕಾಳಿನ ಮೂತಿ ಕಪ್ಪಾಗುತ್ತದೆ, ರೊಟ್ಟಿಯೂ ಮಾಸಲು. ಹೊಸ ಜೋಳ ಪೇಟೆಗೆ ಬರುವುದು ಫೆಬ್ರವರಿ-ಮಾರ್ಚ್‌ನಲ್ಲಿ. ವರ್ಷದ ಜೋಳ ಆಗಲೇ ಕೊಂಡು ಬಿಸಿಲಿಗೆ ಹಾಕಿ ಇಟ್ಟುಕೊಳ್ಳಿ, ಹಿಟ್ಟು ಮಾತ್ರ ಎಂಟು-ಹತ್ತು ದಿನಕ್ಕೆ ಆಗುವಷ್ಟೇ ಬೀಸಿಸಿ. ಹಿಟ್ಟು ಹಳತಾದಷ್ಟೂ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ. ಜೋಳಕ್ಕೆ ಗೋಧಿಯಂತೆ ತಾನಾಗಿ ಹಿಡಿದುಕೊಳ್ಳುವ ಗುಣವಿಲ್ಲ, ಕುದಿಯುವ ಎಸರು ಬಿದ್ದಾಗ ಹಿಟ್ಟು ಅರೆಬೆಂದು ಅಂಟು ಬರುತ್ತದೆ. ಎರಡು ಬಟ್ಟಲು ಹಿಟ್ಟಿಗೆ ಸುಮಾರು ಒಂದೂವರೆ ಬಟ್ಟಲು ಎಸರು ಬೇಕಾಗುತ್ತದೆ. ಉಗುರುಬೆಚ್ಚಗಿನ ನೀರು ಹಾಕಿ ಜೋಳಕ್ಕೆ ಬೈಯುವವರೇ ಹೆಚ್ಚು.

ಇನ್ನು ಬ್ಯಾಡಗಿ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಾಯಿ ಇದು. ಆದರೆ ಬ್ಯಾಡಗಿ ಪೇಟೆಯಲ್ಲಿ ಮಾರುವುದೆಲ್ಲ ಬ್ಯಾಡಗಿ ತಳಿಯೇ ಆಗಿರಬೇಕೆಂದಿಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಹೈಬ್ರಿಡ್ ಕಾಯಿಯೂ ಚೀಲಗಟ್ಟಲೆ ಬಂದು ಬೀಳುತ್ತದೆ. ಬ್ಯಾಡಗಿಯ ಸಿಪ್ಪೆ ಸುಕ್ಕುಸುಕ್ಕಾಗಿರುತ್ತದೆ, ನುಣ್ಣಗಿದ್ದರೆ ಮುಂದೆ ನಡೆಯಿರಿ. ಅದರಲ್ಲೂ ಎರಡು ಬಗೆ. ಡಬ್ಬಿ ಗಿಡ್ಡ, ಉಬ್ಬಿದ್ದು, ಬೀಜ ಹೆಚ್ಚು, ಬಣ್ಣವೂ ಹೆಚ್ಚು. ಕಡ್ಡಿ ಉದ್ದ, ತೆಳ್ಳಗೆ, ಬೀಜ ಕಡಿಮೆ. ಸಾರು, ಎಣ್ಣಿಗಾಯಿಗೆ ಬಣ್ಣ ಬೇಕೆಂದರೆ ಡಬ್ಬಿ ತನ್ನಿ. ಖಾರವೂ ಬೇಕೆಂದರೆ ಒಂದು ಕೆಜಿಯಲ್ಲಿ 700 ಗ್ರಾಂ ಬ್ಯಾಡಗಿ, 300 ಗ್ರಾಂ ಗುಂಟೂರು ಕೂಡಿಸಿ. ಗುಂಟೂರು ಅರ್ಧಕ್ಕಿಂತ ಹೆಚ್ಚಾದರೆ ಪಲ್ಯ ಉರಿಯುತ್ತದೆ, ಕೆಂಪಾಗುವುದಿಲ್ಲ.

ಕೊಳ್ಳುವ ಕಾಲ ಫೆಬ್ರವರಿ, ಮಾರ್ಚ್. ಮಳೆಗಾಲದಲ್ಲಿ ಕೊಂಡರೆ ಅದು ಕೋಲ್ಡ್ ಸ್ಟೋರೇಜ್ ಮಾಲು. ತಿನ್ನಲು ಅಡ್ಡಿಯಿಲ್ಲ, ಆದರೆ ಹೊಸ ಮಾಲಿನ ದರ ಕೊಡಬೇಡಿ. "ಈ ವರ್ಷದ್ದೇನ್ರೀ, ಸ್ಟೋರೇಜಿಂದೇನ್ರೀ?" ಎಂದು ಕೇಳಿದರೆ ಸಾಕು, ಇವರಿಗೆ ಗೊತ್ತಿದೆ ಎಂದು ವ್ಯಾಪಾರಿ ಬೇರೆ ಚೀಲಕ್ಕೆ ಕೈ ಹಾಕುತ್ತಾನೆ. ಮೇಲಿನದನ್ನು ಬಿಟ್ಟು ಚೀಲದ ಹೊಟ್ಟೆಯೊಳಗಿಂದ ಒಂದು ಮುಷ್ಟಿ ತೆಗೆದು ಹಿಚುಕಿ. ತಣ್ಣಗೆ, ತೇವವಾಗಿ ಹತ್ತಿದರೆ ತೂಕಕ್ಕೆ ನೀರು ಚಿಮುಕಿಸಿದ್ದಾರೆ, ಅಥವಾ ಸರಿಯಾಗಿ ಒಣಗಿಸಿಲ್ಲ. ಎರಡು ಕಾಯಿ ಸೀಳಿ ಒಳಗೆ ನೋಡಿ. ಬೂದಿ ಬಣ್ಣದ ಬೂಸ್ಟು ಹೊರಗೆ ಕಾಣಿಸುವುದಿಲ್ಲ, ಪುಡಿಯಾದ ಮೇಲೆ ಮುಗ್ಗಲು ವಾಸನೆಯಾಗಿ ಬರುತ್ತದೆ. ಬೆಳ್ಳಗೆ ತಿರುಗಿದ ಕಾಯಿ ಎಷ್ಟಿದೆ ಎಂದೂ ನೋಡಿ, ಅದರಲ್ಲಿ ಬಣ್ಣವಿಲ್ಲ.

ಮನೆಗೆ ತಂದ ಕಾಯನ್ನು ಎರಡು ಬಿಸಿಲು ಒಣಗಿಸಿ, ಆಮೇಲೆ ತೊಟ್ಟು ಮುರಿಯಿರಿ. ಮೊದಲೇ ತೊಟ್ಟು ತೆಗೆದರೆ ಬೀಜ ಉದುರಿ ಧೂಳು ಒಳಗೆ ಹೋಗುತ್ತದೆ. ಗಿರಣಿಗೆ ಒಯ್ಯುವ ಮೊದಲು ಕೆಜಿಗೆ ಎರಡು ಚಮಚ ಶೇಂಗಾ ಎಣ್ಣೆ ಸವರಿ. ನಿಮಗಿಂತ ಮೊದಲು ಯಾರಾದರೂ ಅರಿಸಿನವೋ ಧನಿಯಾನೋ ಹಾಕಿಸಿದ್ದರೆ ಕಲ್ಲುಪ್ಪು ಒಂದು ಹಿಡಿ ಹಾಕಿ ಗಿರಣಿ ತಿರುಗಿಸಿಕೊಳ್ಳಿ. ಬಿಸಿ ಪುಡಿಯನ್ನು ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಗಂಟಾಗುತ್ತದೆ, ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಿ. ಅಂಗಳದ ಬಿಸಿಲಲ್ಲಿ ಹರವಬೇಡಿ, ನೆರಳಿನಲ್ಲಿ. ಬೆಳಕು ಬಿದ್ದಷ್ಟೂ ಬಣ್ಣ ಹಾರುತ್ತದೆ, ಅದಕ್ಕೇ ಗಾಜಿನ ಬರಣಿಯನ್ನು ಕಿಟಕಿಯಲ್ಲಿಟ್ಟವರ ಖಾರ ದೀಪಾವಳಿ ಹೊತ್ತಿಗೆ ಇಟ್ಟಿಗೆ ಪುಡಿಯಂತೆ ಕಾಣುವುದು. ಈ ಬಣ್ಣ ಬಿಡುವುದು ಎಣ್ಣೆಯಲ್ಲಿ. ಒಗ್ಗರಣೆ ಇಳಿಸಿ, ಎಣ್ಣೆ ಸ್ವಲ್ಪ ಆರಿದ ಮೇಲೆ ಪುಡಿ ಹಾಕಿ. ಹೊಗೆಯಾಡುವ ಎಣ್ಣೆಗೆ ಬಿದ್ದರೆ ಕ್ಷಣದಲ್ಲಿ ಸೀದು ಕಪ್ಪಾಗುತ್ತದೆ. ಪ್ಯಾಕೆಟ್ ಪುಡಿ ಅನುಮಾನವಿದ್ದರೆ ಒಂದು ಲೋಟ ನೀರಿನ ಮೇಲೆ ಚಿಟಿಕೆ ಉದುರಿಸಿ. ಕೆಂಪು ಗೆರೆಗಳು ನೀರಿಗಿಳಿದರೆ ಬಣ್ಣ ಬೆರೆಸಿದ್ದಾರೆ.

ಗುರೆಳ್ಳನ್ನು ಕಾಲು ಕೆಜಿಗಿಂತ ಹೆಚ್ಚು ಕೊಳ್ಳಬೇಡಿ. ಅದರಲ್ಲಿ ಎಣ್ಣೆಯಂಶ ಹೆಚ್ಚು, ಬೇಗ ಕನರುತ್ತದೆ. ನಾಲ್ಕು ಕಾಳು ಹಲ್ಲಿನಡಿ ಕಡಿದರೆ ಗೊತ್ತಾಗುತ್ತದೆ. ಮಣ್ಣು, ಮರಳು ಇದ್ದೇ ಇರುತ್ತದೆ. ಅಗಲ ಪಾತ್ರೆಯ ನೀರಿಗೆ ಹಾಕಿ ಕಲಕಿ, ಮೇಲಿನ ಕಾಳನ್ನು ಜರಡಿಗೆ ಬಸಿಯಿರಿ, ತಳದ ಮರಳು ಉಳಿಯಲಿ. ಒಣಗಿಸಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲೇ ಕಪ್ಪಗಿರುವ ಕಾಳು, ಹೊತ್ತಿದ್ದು ಕಣ್ಣಿಗೆ ತಿಳಿಯುವುದಿಲ್ಲ, ಚಿಟಪಟ ಸದ್ದು ನಿಲ್ಲುತ್ತ ಬಂದಾಗ ಇಳಿಸಬೇಕು. ಒಂದು ಬಟ್ಟಲಿಗೆ ಹತ್ತು ಬ್ಯಾಡಗಿ ಕಾಯಿ, ಎಂಟು ಎಸಳು ಬಳ್ಳೊಳ್ಳಿ, ಜೀರಿಗೆ, ಕರಿಬೇವು, ಚೂರು ಹುಣಸೆ, ಉಪ್ಪು. ಮಿಕ್ಸಿಯನ್ನು ತಡೆತಡೆದು ತಿರುಗಿಸಿ, ಒಂದೇ ಸಮನೆ ಬಿಟ್ಟರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಕಡ್ಲಿ ಪಲ್ಯ, ಅಂದರೆ ಕಡಲೆ ಗಿಡದ ಸೊಪ್ಪು, ಸಿಗುವುದು ನವೆಂಬರ್-ಡಿಸೆಂಬರ್‌ನಲ್ಲಿ ಕೆಲವೇ ವಾರ. ಬಿತ್ತಿ ತಿಂಗಳಾದ ಮೇಲೆ ಗಿಡ ಕವಲೊಡೆಯಲೆಂದು ರೈತರು ಕುಡಿ ಚಿವುಟುತ್ತಾರೆ, ಸಂತೆಗೆ ಬರುವುದು ಅದೇ ಕುಡಿ. ಎಲೆಯ ಮೇಲಿನ ಹುಳಿಯೇ ಅದರ ರುಚಿ, ಹತ್ತು ನೀರಿನಲ್ಲಿ ತೊಳೆದರೆ ಹುಲ್ಲು ಬೇಯಿಸಿದಂತೆ. ಆದರೆ ಕಾಯಿಕೊರಕಕ್ಕೆ ಔಷಧಿ ಹೊಡೆದ ಹೊಲದ್ದಾದರೆ ತರಲೇಬೇಡಿ. "ಎಣ್ಣಿ ಹೊಡದೀರೇನು?" ಎಂದು ನೇರವಾಗಿ ಕೇಳಿ. ಹೂ ಬಿಟ್ಟ ಗಿಡದ ಸೊಪ್ಪು ಬಲಿತಿರುತ್ತದೆ, ಅನುಮಾನವೂ ಹೆಚ್ಚು. ಮಿಕ್ಕಿದ್ದನ್ನು ನೆರಳಿನಲ್ಲಿ ಒಣಗಿಸಿಟ್ಟರೆ ಬೇಸಿಗೆಯಲ್ಲಿ ಬೇಳೆಯೊಂದಿಗೆ ಬೇಯಿಸಬಹುದು.

ಧಾರವಾಡದ ಹತ್ತಿರ ಇದ್ದು ಬಾಸ್ಮತಿಗೆ ದುಡ್ಡು ಸುರಿಯುವವರು ಒಮ್ಮೆ ಮುಗದ ಸುಗಂಧ ಅಕ್ಕಿ ಕೇಳಿ ನೋಡಿ. ಹುಗ್ಗಿಯ ಜವೆ ಗೋಧಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ವಿಚಾರಿಸಿ, ಡಿಡಿಕೆ 1025 ಅಲ್ಲಿಯದೇ ತಳಿ. ಹುಗ್ಗಿಗೆ ರಾತ್ರಿಯಿಡೀ ನೆನೆಸಿ, ಕುಕ್ಕರಿನಲ್ಲಿ ಆರೇಳು ಸೀಟಿ ಕೂಗಿಸಿ, ಕಾಳು ಬೆರಳಲ್ಲಿ ಹಿಚುಕಿದರೆ ಮೆತ್ತಗಾದ ಮೇಲೆಯೇ ಬೆಲ್ಲ ಹಾಕಿ. ಬೆಲ್ಲ ಮುಂಚೆ ಬಿದ್ದರೆ ಕಾಳು ಅಲ್ಲಿಗೇ ಬಿಗಿಯುತ್ತದೆ, ಮತ್ತೆಷ್ಟು ಕುದಿಸಿದರೂ ಬೇಯುವುದಿಲ್ಲ. ಗೋಧಿ ಆಗದವರಿಗೆ ಜವೆ ಗೋಧಿ ಆಗುತ್ತದೆ ಎಂದು ಮಾರುವವರನ್ನು ನಂಬಬೇಡಿ, ಅದೂ ಗೋಧಿಯೇ.

ಈಗಿನವರು ಮರೆತಿರುವುದು ಕುಸುಬಿ (ಕುಸುಬೆ) ಎಂಬ ಎಣ್ಣೆಕಾಳು. ಜೋಳದ ಹೊಲದಲ್ಲಿ ನಡುನಡುವೆ ಅಕ್ಕಡಿ ಸಾಲಾಗಿ ಬಿತ್ತುತ್ತಾರೆ, ಗಾಣದವರ ಹತ್ತಿರ ಬೀಜ ಸಿಗುತ್ತದೆ. ಒಂದು ಬಟ್ಟಲು ಬೀಜ ಏಳೆಂಟು ತಾಸು ನೆನೆಸಿ, ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಎರಡು ಸಲ ಸೋಸಿ. ಸಿಪ್ಪೆ ಗಡುಸು, ಒಂದೇ ಸಲ ಸೋಸಿದರೆ ಗಂಟಲಿಗೆ ಚುಚ್ಚುತ್ತದೆ. ಬಂದ ಹಾಲನ್ನು ಬೆಂದ ಗೋಧಿಗೋ ಅಕ್ಕಿಗೋ ಸೇರಿಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ ಬೆಲ್ಲ, ಏಲಕ್ಕಿ ಹಾಕಿದರೆ ಕುಸುಬಿ ಹಾಲಿನ ಹುಗ್ಗಿ. ಉರಿ ಜೋರಾದರೆ ಹಾಲು ಒಡೆಯುತ್ತದೆ. ಇದೇ ಕುಸುಬಿಯ ಒಣ ಹೂವನ್ನು ಕೇಸರಿ ಎಂದು ಮಾರುವವರೂ ಇದ್ದಾರೆ. ನಾಲ್ಕು ಎಳೆ ನೀರಿಗೆ ಹಾಕಿ ನೋಡಿ. ಕೇಸರಿ ನಿಧಾನವಾಗಿ ಹಳದಿ ಬಿಡುತ್ತದೆ, ಎಳೆ ಕೆಂಪಗೇ ಉಳಿದು ಒಂದು ತುದಿ ತುತ್ತೂರಿಯಂತೆ ಅಗಲವಾಗುತ್ತದೆ. ಕುಸುಬಿ ಹೂವಿನ ಎಳೆ ನೆನೆದಾಗ ಸಣ್ಣ ಕೊಳವೆಯಂತಾಗಿ ತುದಿಯಲ್ಲಿ ಪುಟ್ಟ ಎಸಳುಗಳು ಬಿಚ್ಚಿಕೊಳ್ಳುತ್ತವೆ, ಕೇಸರಿಯ ವಾಸನೆಯಂತೂ ಬರುವುದೇ ಇಲ್ಲ.