ಗಂಡಿಕೋಟೆ: ಒಂದು ರಾತ್ರಿ ಉಳಿದು ನೋಡುವ ಬಗೆ

ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಆಂಧ್ರದ ಕಡಪ ಜಿಲ್ಲೆಯಲ್ಲಿ ಎರ್ರಮಲ ಬೆಟ್ಟಗಳನ್ನು ಸೀಳಿಕೊಂಡು ಹೋಗುವ ಜಾಗವೇ ಗಂಡಿಕೋಟೆ. ಅಲ್ಲಿ ಅದು ಪೆನ್ನಾರ್. ಹಳ್ಳಿ ಪುಟ್ಟದು, ಇರುವುದೂ ಕೋಟೆಯ ಒಳಗೇ. ಬೆಂಗಳೂರಿನಿಂದ ಸುಮಾರು 280 ಕಿ.ಮೀ. ಒಂದೇ ದಿನದಲ್ಲಿ ಹೋಗಿಬರುವವರು ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ. ಕಲ್ಲು ಕಾದು, ನೆತ್ತಿಯ ಬಿಸಿಲಿಗೆ ಕಮರಿಯ ಕೆಂಪು ಬಣ್ಣ ಸಪ್ಪೆಯಾಗಿರುತ್ತದೆ. ಆದ್ದರಿಂದ ಮಧ್ಯಾಹ್ನ ಹೊರಟು ಸಂಜೆ ಸೇರಿ, ರಾತ್ರಿ ಉಳಿಯಿರಿ.

ದಾರಿ: ಬಾಗೇಪಲ್ಲಿ, ಗೋರಂಟ್ಲ, ಕದಿರಿ, ಪುಲಿವೆಂದುಲ, ಮುದ್ದನೂರು, ಜಮ್ಮಲಮಡುಗು. ರೈಲಿನವರಿಗೆ ಮುದ್ದನೂರು ನಿಲ್ದಾಣ ಅನುಕೂಲ. ಜಮ್ಮಲಮಡುಗಿನಿಂದ ಮೇಲಕ್ಕೆ ಸುಮಾರು 15 ಕಿ.ಮೀ. ಪೆಟ್ರೋಲ್, ನಗದು, ಔಷಧಿ ಎಲ್ಲವನ್ನೂ ಆ ಊರಲ್ಲೇ ಮುಗಿಸಿಕೊಳ್ಳಿ. ತಂಗಲು ಆಂಧ್ರ ಪ್ರವಾಸೋದ್ಯಮದ ಹರಿತಾ ಹೋಟೆಲ್ ಇದೆ. ವಾರಾಂತ್ಯಕ್ಕಾದರೆ ಮುಂಚೆಯೇ ಕಾಯ್ದಿರಿಸಬೇಕು. ಹಳ್ಳಿಯಲ್ಲಿ ಊಟ ಬೇಕಿದ್ದರೆ ಕೆಲವು ಗಂಟೆ ಮೊದಲೇ ಹೇಳಿಡಿ. ಬಂದ ಕೂಡಲೇ ಬಡಿಸುವಷ್ಟು ಅಡುಗೆ ಮಾಡಿಟ್ಟಿರುತ್ತಾರೆಂದು ನಂಬಿ ಹೋಗಬೇಡಿ.

ಸೆಪ್ಟೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ನೆರಳಂತೂ ಇಲ್ಲ. ಊರಲ್ಲಿ ಮಳೆಯಾಯಿತೆಂದ ಮಾತ್ರಕ್ಕೆ ಕಮರಿ ತುಂಬಿರುತ್ತದೆ ಎನ್ನಲಾಗದು: ಮೇಲೆ ಗಂಡಿಕೋಟೆ ಜಲಾಶಯ, ಕೆಳಗೆ ಮೈಲವರಂ ಅಣೆಕಟ್ಟು, ನೀರಿನ ಮಟ್ಟ ಇವೆರಡರ ಮೇಲೂ ನಿಂತಿದೆ.

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಟಾರ್ಚ್ ಹಿಡಿದು ಅಂಚಿಗೆ ಹೊರಡಿ. ಇಲ್ಲಿ ಎಚ್ಚರ ಬೇಕು. ಈ ಗಟ್ಟಿ ಕಲ್ಲು ಪದರಪದರವಾಗಿದ್ದು, ಅಡ್ಡಡ್ಡ ಬಿರುಕುಗಳಲ್ಲಿ ಚೌಕ ಚೌಕವಾಗಿ ಒಡೆಯುತ್ತದೆ. ಹಾಗಾಗಿ ಅಂಚಿನಲ್ಲಿರುವ ಬಂಡೆ ಬುಡದ ಬಂಡೆಗೆ ಅಂಟಿಕೊಂಡಿರಲೇಬೇಕೆಂದಿಲ್ಲ; ಬರೀ ಮೇಲೆ ಕೂತಿರಬಹುದು. ತಡೆಗೋಡೆಯನ್ನೂ ನಂಬಿಕೊಳ್ಳುವಂತಿಲ್ಲ. ಬಂಡೆಯಿಂದ ಬಂಡೆಗೆ ಜಿಗಿಯಬೇಡಿ, ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದೆ ಹೆಜ್ಜೆಯಿಡಬೇಡಿ. ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಮಳೆ ಬಿದ್ದ ದಿನ ಅಂಚಿನಿಂದ ನಾಲ್ಕು ಮಾರು ದೂರವೇ ಉಳಿಯುವುದು ಲೇಸು. ನೀರಿನವರೆಗೆ ಇಳಿಯುವ ಆಸೆ ಬಿಡಿ: ಇಳಿಯುವಾಗ ಸುಲಭವೆನಿಸಿದ ಜಾಗವೇ ಬಿಸಿಲೇರಿದ ಮೇಲೆ ಹತ್ತಲು ಕಷ್ಟ.

ಬಿಸಿಲೇರುವ ಮುನ್ನ ಕೋಟೆ ಸುತ್ತಿ. ಜಾಮಿಯಾ ಮಸೀದಿ, ಪಕ್ಕದ ಕಣಜ, ಕತ್ತುಲ ಕೋನೇರು ಎಂಬ ಕೊಳ ಒಂದೇ ಆವರಣದ ಹಾಗೆ ಹತ್ತಿರ ಹತ್ತಿರ ಇವೆ. ಮಾಧವರಾಯ ಗುಡಿಯ ಗೋಪುರಕ್ಕೆ ಮಾತ್ರ ಸಮಯ ಕೊಡಿ. ಇಡೀ ಕೋಟೆಯಲ್ಲಿ ಕೆತ್ತನೆ ನೋಡಬೇಕಾದ ಜಾಗ ಅದೇ. ಕಾರಾಗೃಹವನ್ನು ಹೊರಗಿನಿಂದ ನೋಡಿದರೂ ಸಾಕು. ಇಲ್ಲಿ ಜನ ವಾಸವಿದ್ದಾರೆ, ಮನೆಗಳ ಅಂಗಳ ಪ್ರವಾಸಿ ತಾಣವಲ್ಲ; ಫೋಟೊ ತೆಗೆಯುವ ಮುಂಚೆ ಕೇಳಿ. ತಂದ ಬಾಟಲಿ, ಪೊಟ್ಟಣಗಳನ್ನು ವಾಪಸ್ ಒಯ್ಯಿರಿ.

ಮಧ್ಯಾಹ್ನದ ಬಿಸಿಲಿಗೆ ಬೇಲಂ ಗುಹೆ ಸರಿ, ಸುಮಾರು 60 ಕಿ.ಮೀ. ಒಟ್ಟು 3,229 ಮೀಟರ್ ಗುಹೆಯಲ್ಲಿ ಒಂದೂವರೆ ಕಿ.ಮೀ. ಮಾತ್ರ ನಡೆದು ನೋಡಬಹುದು. ಒಳಗೆ ತಂಪಿರುತ್ತದೆಂದು ದಪ್ಪ ಬಟ್ಟೆ ತೊಟ್ಟರೆ ಕೆಟ್ಟಿರಿ, ಸೆಖೆಗೆ ಬೆವರಿಳಿಯುತ್ತದೆ. ತೆಳು ಹತ್ತಿ ಬಟ್ಟೆ ತೊಡಿ, ಕುಡಿಯಲು ನೀರು ಒಯ್ಯಿರಿ.